ನಾಲ್ಕನೇ ಟ್ಯಾಂಕಿನ ಇಪ್ಪತ್ತಮೂರು ಬೆಳಗು

ಪಾಯಿಂಟ್ ಅಂದರೆ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದಿದ್ದರೆ ನಾನು ಎಲ್ಲಿ ದಾರಿ ತಪ್ಪಿದೆ ಅನ್ನುವುದೂ ಗೊತ್ತಾಗುವುದಿಲ್ಲ. ಕಾರ್ಖಾನೆಯಲ್ಲಿ ಅಳೆಯುವ ಒಂದೊಂದು ಸಂಗತಿಗೂ ಕಂಪ್ಯೂಟರಿನಲ್ಲಿ ಒಂದು ಖಾನೆ ತೆರೆಯಬೇಕು. ಟ್ಯಾಂಕಿನ ಉಷ್ಣತೆಗೆ ಒಂದು, ಪಂಪಿನ ಒತ್ತಡಕ್ಕೆ ಒಂದು, ಮೋಟರು ಓಡುತ್ತಿದೆಯೋ ನಿಂತಿದೆಯೋ ಅನ್ನುವುದಕ್ಕೂ ಒಂದು. ಖಾನೆಗೆ ಹೆಸರು ಕೊಡಬೇಕು. ಆ ಅಂಕಿ ಯಂತ್ರಗಳನ್ನು ನಡೆಸುವ ಕಂಟ್ರೋಲರಿನಲ್ಲಿ ಯಾವ ವಿಳಾಸದಲ್ಲಿ ಕೂತಿದೆ ಅಂತ ತೋರಿಸಬೇಕು. ಎಷ್ಟು ಸೆಕೆಂಡಿಗೊಮ್ಮೆ ಓದಬೇಕು, ಎಷ್ಟು ಬದಲಾದರೆ ಉಳಿಸಿಕೊಳ್ಳಬೇಕು, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಎಲ್ಲ ತುಂಬಬೇಕು. ಹೀಗೆ ತುಂಬಿದ ಒಂದು ಖಾನೆಯೇ ಒಂದು ಪಾಯಿಂಟ್. ಸರಿಯಾಗಿ ತುಂಬಿದರೆ ಅದು ವರ್ಷಗಟ್ಟಲೆ ತಾನಾಗಿಯೇ ಓದಿ ದಾಸ್ತಾನು ಮಾಡುತ್ತದೆ. ತಪ್ಪಾಗಿ ತುಂಬಿದರೂ ಅಷ್ಟೇ ನಿಷ್ಠೆಯಿಂದ ದಾಸ್ತಾನು ಮಾಡುತ್ತದೆ.

ನಾನು ಕೆಲಸ ಮಾಡುವುದು ಗೆಜ್ಜಲಗೆರೆಯ ಕೈಗಾರಿಕಾ ಪ್ರದೇಶದಲ್ಲಿ, ಎಳನೀರು ಪ್ಯಾಕ್ ಮಾಡುವ ಒಂದು ಕಾರ್ಖಾನೆಯಲ್ಲಿ. ಅಲ್ಲಿನ ಮೀಟರು, ಸೆನ್ಸರುಗಳಿಗೆಲ್ಲ ಎಂಜಿನಿಯರ್ ಅಂತ ಇರುವವಳು ನಾನೊಬ್ಬಳೇ. ಮಧ್ಯಾಹ್ನ ಮದ್ದೂರಿನ ಮಾರುಕಟ್ಟೆಯಿಂದ ಲಾರಿಯಲ್ಲಿ ಬಂದ ಕಾಯಿ ಕೊಚ್ಚಿ, ನೀರು ಸೋಸಿ, ನಾಲ್ಕು ಡಿಗ್ರಿಗಿಂತ ಕೆಳಕ್ಕೆ ತಣಿಸಿ ಐದು ದೊಡ್ಡ ಸ್ಟೀಲ್ ಟ್ಯಾಂಕುಗಳಲ್ಲಿ ಇಡುತ್ತಾರೆ. ಮಾರನೆಯ ಬೆಳಗ್ಗೆ ಆರಕ್ಕೆ ಬರುವ ಪಾಳಿಯವರು ಅದನ್ನು ಒಂದೊಂದೇ ಟ್ಯಾಂಕಿನಿಂದ ಎಳೆದುಕೊಂಡು, ಕಾಯಿಸಿ, ಪ್ಯಾಕಿಗೆ ತುಂಬುತ್ತಾರೆ. ಟ್ಯಾಂಕಿನಲ್ಲಿರುವಾಗ ನಾಲ್ಕು ಡಿಗ್ರಿ ದಾಟಿದರೆ ನೀರಿನ ರುಚಿ ಕೆಡಲು ಶುರುವಾಗುತ್ತದೆ. ಅದಕ್ಕೇ ಟ್ಯಾಂಕಿನ ಆಪರೇಟರು ಅರ್ಧ ಗಂಟೆಗೊಮ್ಮೆ ಉಷ್ಣತೆಯನ್ನು ಪುಸ್ತಕದಲ್ಲಿ ಬರೆಯುವುದು ಮೊದಲಿನಿಂದ ನಡೆದುಬಂದ ಪದ್ಧತಿ.

ನಮ್ಮ ಮಾಲು ಕೊಳ್ಳುವ ಹೊರದೇಶದವರು ಈ ಪುಸ್ತಕ ಸಾಲದು ಅಂದರು. ಕೈಬರಹ ಬೇಡ, ಕಂಪ್ಯೂಟರಿನ ದಾಖಲೆ ಬೇಕು, ತಪಾಸಣೆಗೆ ಬಂದಾಗ ಅದನ್ನೇ ನೋಡುತ್ತೇವೆ ಅಂತ ಪತ್ರ ಬಂತು. ಕೆಲಸ ನನ್ನ ತಲೆಗೆ ಬಂತು. ನಿಜ ಹೇಳಬೇಕೆಂದರೆ ಖುಷಿಯಾಯಿತು. ಮಳವಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ ನಮ್ಮ ಮನೆಯಿಂದ ಡಿಗ್ರಿ ಮಾಡಿದವಳು ನಾನು ಮೊದಲನೆಯವಳು. ಗಣಿತದ ಎರಡು ಪೇಪರನ್ನು ಮೂರು ಮೂರು ಸಲ ಕಟ್ಟಿ ಪಾಸು ಮಾಡಿದವಳು. ಯಾರೂ ನನಗೆ ಅದನ್ನು ಸುಮ್ಮನೆ ಕೊಟ್ಟಿಲ್ಲ. ಹಾಗಾಗಿ ಒಂದು ಇಡೀ ವ್ಯವಸ್ಥೆಯನ್ನು ಒಬ್ಬಳೇ ಕಟ್ಟಿ ನಿಲ್ಲಿಸುತ್ತೇನೆ ಅನ್ನುವ ಹಮ್ಮು ಇತ್ತು, ಇಲ್ಲ ಅನ್ನುವುದಿಲ್ಲ.

ಪಟ್ಟಿ ಮಾಡಿದೆ. ನೂರಾ ಎಪ್ಪತ್ತೆಂಟು ಪಾಯಿಂಟ್ ಆಯಿತು. ತಂತ್ರಾಂಶಕ್ಕೆ ನಮಗಿದ್ದ ಪರವಾನಗಿ ನೂರೈವತ್ತಕ್ಕೆ ಮಾತ್ರ. ಇಪ್ಪತ್ತೆಂಟನ್ನು ಕಿತ್ತು ಹಾಕಬೇಕು. ಒಂದು ಮಧ್ಯಾಹ್ನ ಪೂರ್ತಿ ಕೂತು ಗೆರೆ ಹೊಡೆದೆ. ಯಾವ ಮೋಟರು ಎಷ್ಟು ಕರೆಂಟು ಎಳೆಯುತ್ತದೆ ಅನ್ನುವುದನ್ನು ಮ್ಯಾನೇಜರು ತಾವೇ ಕೇಳಿ ಬರೆಸಿದ್ದರು, ಅದನ್ನು ಮುಟ್ಟುವ ಹಾಗಿರಲಿಲ್ಲ. ಐದು ಟ್ಯಾಂಕಿನ ಮಟ್ಟದ ಪಾಯಿಂಟುಗಳನ್ನು, ಅಂದರೆ ಒಳಗೆ ನೀರು ನೂರಕ್ಕೆ ಎಷ್ಟು ಪಾಲು ಇದೆ ಅನ್ನುವುದನ್ನು, ತೆಗೆದುಬಿಟ್ಟೆ. ಕೇಳಿದ್ದು ಉಷ್ಣತೆಯ ದಾಖಲೆ ತಾನೇ? ನೀರೆಷ್ಟಿದೆ ಅಂತ ಯಾರಿಗೆ ಬೇಕು? ಹೀಗೆ ಯೋಚಿಸಿ ಗೆರೆ ಹೊಡೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಶುರುವಿನಲ್ಲೇ ಒಂದು ಎಡವಟ್ಟು ಮಾಡಿದೆ. ಟ್ಯಾಂಕಿನ ಸೆನ್ಸರುಗಳ ಕನಿಷ್ಠ ಸೊನ್ನೆ, ಗರಿಷ್ಠ ನೂರು. ಬೇರೆ ಸಾಲಿನಿಂದ ನಕಲು ಮಾಡುವಾಗ ಕನಿಷ್ಠದ ಜಾಗದಲ್ಲಿ ಮೈನಸ್ ಇಪ್ಪತ್ತು ಬಂದು ಕೂತಿತ್ತು. ಪರದೆಯ ಮೇಲೆ ಐದೂ ಟ್ಯಾಂಕು ಮೈನಸ್ ಹದಿನಾರು ತೋರಿಸಿದವು. ಹನಕೆರೆಯಿಂದ ಬೈಕಿನಲ್ಲಿ ಬರುವ ನಮ್ಮ ಎಲೆಕ್ಟ್ರಿಷಿಯನ್, ನನಗಿಂತ ಒಂದೆರಡು ವರ್ಷ ದೊಡ್ಡವನು, ಬಾಗಿಲಲ್ಲಿ ನಿಂತು ಪರದೆ ನೋಡಿದ.

"ಎಳ್ನೀರು ಕಲ್ಲಾಗೋಯ್ತಲ್ಲ ಕಣಮ್ಮ. ಇನ್ನು ಪ್ಯಾಕು ಯಾಕೆ, ಗೋಣಿಚೀಲಕ್ಕೆ ತುಂಬ್ಸು."

"ಬಾಯ್ಮುಚ್ಕೊಂಡು ಹೋಗಿ ಕೇಬಲ್ ನೋಡು."

"ಓಯ್ತೀನಿ ಬುಡು. ಡಿಗ್ರಿ ಮಾಡ್ದೋರು ತಪ್ ಮಾಡಿದ್ರೆ ಅದು ಲರ್ನಿಂಗು. ನಾವ್ ಮಾಡಿದ್ರೆ ಮೆಮೋ."

ತಿದ್ದಿದೆ. ಐದು ಸೆಕೆಂಡಿಗೊಮ್ಮೆ ಓದು, ಹತ್ತನೇ ಎರಡು ಡಿಗ್ರಿಗಿಂತ ಹೆಚ್ಚು ಬದಲಾದರೆ ಉಳಿಸು, ಬದಲಾಗದಿದ್ದರೂ ಹತ್ತು ನಿಮಿಷಕ್ಕೊಮ್ಮೆ ಒಂದು ಅಂಕಿ ಉಳಿಸು. ಇಷ್ಟು ತುಂಬಿ, ಟ್ಯಾಂಕುಗಳ ಪಕ್ಕದ ಪ್ಯಾನೆಲ್ಲಿನ ಬೋರ್ಡಿನಲ್ಲಿ ಕಾಣುವ ಅಂಕಿಗೂ ನನ್ನ ಪರದೆಗೂ ಹೊಂದಿಸಿ ನೋಡಿದೆ. ಎಲ್ಲವೂ ತಾಳೆಯಾದವು. ಒಂದು ತಿಂಗಳು ಅದು ಸದ್ದಿಲ್ಲದೆ ದಾಸ್ತಾನು ಮಾಡಿತು.

ತಿಂಗಳಾದ ಮೇಲೆ ಮೊದಲ ವರದಿ ತೆಗೆದು ಮ್ಯಾನೇಜರ ಮೇಜಿನ ಮೇಲಿಟ್ಟೆ. ಅವರು ಮೈಸೂರಿನವರು, ಕೋಪ ಬಂದರೆ ದನಿ ಇನ್ನೂ ಸಣ್ಣಗಾಗುತ್ತದೆ. ಸಂಜೆ ಕರೆದರು. ನಾಲ್ಕನೇ ಟ್ಯಾಂಕಿನ ಗ್ರಾಫ್ ಮುಂದಿಟ್ಟರು. ಬೆಳಗ್ಗೆ ಏಳೂವರೆಯಿಂದ ಎಂಟೂವರೆಯೊಳಗೆ ಗೆರೆ ಮೇಲೆದ್ದು ಎಂಟು, ಒಂಬತ್ತು, ಒಂದೊಂದು ದಿನ ಹತ್ತು ಡಿಗ್ರಿ ಮುಟ್ಟಿತ್ತು. ಒಂದು ದಿನವಲ್ಲ, ಇಪ್ಪತ್ತಮೂರು ದಿನ. ಪಕ್ಕದಲ್ಲಿ ಆಪರೇಟರ ಪುಸ್ತಕ. ಅದೇ ದಿನ, ಅದೇ ಹೊತ್ತು: ಮೂರೂವರೆ, ಮೂರು ಪಾಯಿಂಟ್ ಆರು, ಮೂರೂವರೆ.

"ಮೇಡಂ, ನಿಮ್ಮ ಸಿಸ್ಟಂ ತಪ್ಪು ತೋರಿಸ್ತಿದೆಯಾ?"

"ಇಲ್ಲ ಸರ್," ಅಂದೆ. "ಪ್ರತಿ ಪಾಯಿಂಟನ್ನೂ ನಾನೇ ಚೆಕ್ ಮಾಡಿದೀನಿ."

ಅಷ್ಟೇ ನಾನು ಹೇಳಿದ್ದು. ಅವರು ಪುಸ್ತಕ ಮುಚ್ಚಿದರು. ನಾನು ಹಗುರಾಗಿ ಹೊರಗೆ ಬಂದೆ. ನನ್ನ ವ್ಯವಸ್ಥೆ ಪಾಸಾಗಿತ್ತು ಅಂತ ಅಂದುಕೊಂಡಿದ್ದೆ.

ಎರಡು ದಿನ ಬಿಟ್ಟು ಟ್ಯಾಂಕಿನ ಆಪರೇಟರು ನನ್ನ ಕೋಣೆಗೆ ಬಂದರು. ಐವತ್ತು ದಾಟಿದವರು, ಪಾಳಿಯವರೆಲ್ಲ ಅಯ್ಯ ಅನ್ನುತ್ತಾರೆ. ಕಾರ್ಖಾನೆ ಶುರುವಾದಾಗಿನಿಂದ ಬೆಳಗಿನ ಪಾಳಿಯಲ್ಲಿ ಟ್ಯಾಂಕು ನೋಡುವವರು ಅವರೇ. ಶಿವಪುರದ ಹತ್ತಿರದಿಂದ ಸೈಕಲ್ಲಿನಲ್ಲಿ ಮೇನ್ ರೋಡಿಗೆ ಬಂದು ಬಸ್ಸು ಹತ್ತುತ್ತಾರೆ, ಐದೂ ಮುಕ್ಕಾಲಿಗೆ ಗೇಟಿನಲ್ಲಿರುತ್ತಾರೆ. ಕೈಯಲ್ಲಿ ಮಡಚಿದ ಕಾಗದ.

"ಅವ್ವ, ಇದೊಂಚೂರು ಓದೇಳು. ಇಂಗ್ಲೀಸಲ್ಲಿ ಕೊಟ್ಟವ್ರೆ."

ನಮ್ಮ ಮನೆಯಲ್ಲಿ ಪಹಣಿ ಬಂದರೂ, ಆಸ್ಪತ್ರೆ ಚೀಟಿ ಬಂದರೂ ನನ್ನ ಕೈಗೇ ಬರುತ್ತಿತ್ತು. ಅಪ್ಪ ನಿಂತುಕೊಂಡೇ ಕೇಳಿಸಿಕೊಳ್ಳುತ್ತಿದ್ದ. ಇವರೂ ನಿಂತೇ ಇದ್ದರು. ಓದಿದೆ. ನಾಲ್ಕನೇ ಟ್ಯಾಂಕಿನ ಉಷ್ಣತೆಯನ್ನು ಇಪ್ಪತ್ತಮೂರು ದಿನ ಸುಳ್ಳು ಬರೆದಿದ್ದೀರಿ, ಕಂಪ್ಯೂಟರಿನ ದಾಖಲೆ ಇದೆ, ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು ಅಂತ ಏಳು ದಿನದೊಳಗೆ ಲಿಖಿತ ವಿವರಣೆ ಕೊಡಿ. ಕನ್ನಡಕ್ಕೆ ತಿರುಗಿಸಿ ಹೇಳಿದೆ.

"ಕಂಪ್ಯೂಟ್ರು ಅಂದ್ರೆ ನೀನ್ ಮಾಡಿರಾದಾ?"

"ಹೌದಣ್ಣ."

ಅವರು ನನ್ನ ಮುಖ ನೋಡಲಿಲ್ಲ, ಪರದೆ ನೋಡಿದರು. "ನಾನು ಅಳ್ತೆ ಮಾಡ್ದೆ ಒಂದ್ ಅಂಕಿನೂ ಬರ್ದಿಲ್ಲ ಕಣವ್ವ."

"ಬೋರ್ಡಿನಲ್ಲೂ ಒಂಬತ್ತು ಅಂತಲೇ ಬಂದಿರ್ತದಲ್ಲಣ್ಣ. ನೀವು ಅದನ್ನ ನೋಡಿ ಮೂರೂವರೆ ಹೇಗೆ ಬರೆದ್ರಿ?"

"ಬೋರ್ಡು ತೋರ್ಸ್ಕಳ್ತದೆ ಬುಡು."

"ಅಂದ್ರೆ?"

"ಅಂದ್ರೆ ಅಷ್ಟೆಯಾ." ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೋದರು.

ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ನಂಬಲು ಆಗಲಿಲ್ಲ. ನನ್ನ ದಾಖಲೆ ಸುಳ್ಳು ಅಂತ ನಂಬಲೂ ಆಗಲಿಲ್ಲ. ಮಾರನೆಯ ದಿನದಿಂದ ಒಂದೊಂದೇ ಕಟ್ಟು ಬಿಚ್ಚಿ ನೋಡಲು ಕೂತೆ.

ಮೊದಲು ಗಡಿಯಾರ. ಸರ್ವರಿನ ಹೊತ್ತು, ಕಂಟ್ರೋಲರಿನ ಹೊತ್ತು, ಗೋಡೆಯ ಗಡಿಯಾರ, ಮೂರನ್ನೂ ಒಟ್ಟಿಗೆ ಇಟ್ಟು ನೋಡಿದೆ. ಒಂದು ನಿಮಿಷದ ವ್ಯತ್ಯಾಸವೂ ಇಲ್ಲ. ಆಮೇಲೆ ವಿಳಾಸ. ಬೇರೆ ಟ್ಯಾಂಕಿನ ಅಂಕಿ ನಾಲ್ಕನೆಯದರ ಹೆಸರಿನಲ್ಲಿ ಬರುತ್ತಿದೆಯೇನೋ ಅಂತ, ಎಲೆಕ್ಟ್ರಿಷಿಯನ್ ಒಂದೊಂದೇ ಸೆನ್ಸರಿನ ವೈರು ಬಿಚ್ಚುತ್ತಾ ಹೋದ, ನಾನು ಪರದೆಯಲ್ಲಿ ಯಾವುದು ಸಾಯುತ್ತದೆ ಅಂತ ನೋಡುತ್ತಾ ಹೋದೆ. ನಾಲ್ಕನೆಯದನ್ನು ಬಿಚ್ಚಿದಾಗ ನಾಲ್ಕನೆಯದೇ ಸತ್ತಿತು. ಮೂರನೆಯದಾಗಿ ಸೆನ್ಸರನ್ನೇ ಟ್ಯಾಂಕಿನ ಗೋಡೆಯಲ್ಲಿರುವ ಗೂಡಿನಿಂದ ಎಳೆದು ಐಸ್ ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿದೆವು. ಸೊನ್ನೆ ಪಾಯಿಂಟ್ ಒಂದು. ಅಂಗೈಯಲ್ಲಿ ಹಿಡಿದೆ, ಮೂವತ್ತಕ್ಕೆ ಏರಿತು. ಮತ್ತೆ ಐಸಿಗೆ ಹಾಕಿದೆ, ಇಳಿಯಿತು.

"ಸೆನ್ಸರು ಸರಿಯಾಗೈತೆ," ಅಂದ ಎಲೆಕ್ಟ್ರಿಷಿಯನ್.

"ಗೊತ್ತಾಯ್ತು."

"ಅಯ್ಯನೂ ಸರಿಯಾಗವ್ನೆ."

"ಅದು ನಿಂಗೆ ಹೇಗೆ ಗೊತ್ತು?"

"ಅಷ್ಟ್ ವರ್ಸ ನೋಡಿಲ್ವಾ? ಸುಳ್ಳು ಬರ್ಯಂಗಿದ್ರೆ ಮನೇಲೆ ಬರ್ಕಂಡು ಬತ್ತಿದ್ದ. ಐದೂ ಮುಕ್ಕಾಲಿಗೆ ಬಂದು ಯಾಕ್ ಸಾಯ್ತಿದ್ದ?"

ಅಂದರೆ ಯಂತ್ರವೂ ಸರಿ, ಮನುಷ್ಯನೂ ಸರಿ, ನಡುವೆ ಐದು ಡಿಗ್ರಿ ವ್ಯತ್ಯಾಸ. ಕಾಲೇಜಿನಲ್ಲಿ ಇಂಥ ಲೆಕ್ಕ ಕೊಟ್ಟಿರಲಿಲ್ಲ. ಅಲ್ಲಿ ಎರಡರಲ್ಲಿ ಒಂದು ತಪ್ಪಿರುತ್ತಿತ್ತು, ಹುಡುಕಿದರೆ ಸಿಗುತ್ತಿತ್ತು. ಮಳವಳ್ಳಿ ಬಸ್ಸಿನಲ್ಲಿ ಕೂತು ಇದನ್ನೇ ತಿರುವಿ ತಿರುವಿ ನೋಡುತ್ತಾ ಒಂದು ದಿನ ನನ್ನ ಸ್ಟಾಪು ದಾಟಿಹೋಗಿ ಹಿಂದಕ್ಕೆ ನಡೆದು ಬಂದೆ.

ನೋಟಿಸಿನ ಗಡುವಿನ ನಾಲ್ಕನೇ ದಿನ ಬೆಳಗ್ಗೆ ಏಳು ಗಂಟೆಗೇ ಹೋಗಿ ಟ್ಯಾಂಕುಗಳ ಕೊಠಡಿಯಲ್ಲಿ ನಿಂತೆ. ನಾಲ್ಕನೇ ಟ್ಯಾಂಕಿನಿಂದ ನೀರು ಎಳೆಯುವುದು ಶುರುವಾಗಿತ್ತು. ಬೋರ್ಡಿನಲ್ಲಿ ಎರಡು ಅಂಕಿ ಅಕ್ಕಪಕ್ಕ: ಮಟ್ಟ, ಉಷ್ಣತೆ. ಮಟ್ಟ ಐವತ್ತು, ನಲವತ್ತು, ಮೂವತ್ತೈದು ಅಂತ ಇಳಿಯುತ್ತಾ ಬಂತು. ಉಷ್ಣತೆ ಮೂರೂವರೆಯಲ್ಲೇ ಇತ್ತು. ಮಟ್ಟ ಮೂವತ್ತರ ಕೆಳಗೆ ಹೋದದ್ದೇ ತಡ, ಉಷ್ಣತೆ ಎದ್ದಿತು. ನಾಲ್ಕು, ಐದು, ಆರೂವರೆ. ಪೆನ್ನಿನಿಂದ ಅಂಗೈ ಮೇಲೆ ಗುರುತು ಹಾಕಿಕೊಂಡೆ.

ಆಪರೇಟರು ಕಂಬದ ಮೊಳೆಗೆ ನೇತುಹಾಕಿದ್ದ ಸ್ಟೀಲ್ ಲೋಟ ತೆಗೆದುಕೊಂಡರು. ಜೇಬಿನಿಂದ ಕಡ್ಡಿ ಥರ್ಮಾಮೀಟರ್ ಹೊರಗೆ ಬಂತು. ಟ್ಯಾಂಕಿನ ಕಡೆಗೆ ಒಂದು ಹೆಜ್ಜೆ ಇಟ್ಟವರು ನನ್ನನ್ನು ನೋಡಿದರು. ಲೋಟ ಮತ್ತೆ ಮೊಳೆಗೆ ಹೋಯಿತು, ಥರ್ಮಾಮೀಟರ್ ಜೇಬಿಗೆ. ಪುಸ್ತಕದಲ್ಲಿ ಎಂಟು ಗಂಟೆಯ ಸಾಲನ್ನು ಖಾಲಿ ಬಿಟ್ಟು ಎದ್ದುಹೋದರು.

ನೀರು ಕಡಿಮೆಯಾದರೆ ಉಷ್ಣತೆ ಏರುತ್ತದೆ ಅಂತ ಗೊತ್ತಾಯಿತು. ಆದರೆ ಅದರಿಂದ ಗೊಂದಲ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಸ್ವಲ್ಪ ನೀರು ಬೇಗ ಬಿಸಿಯಾಗುತ್ತದೆ, ಅದು ಸಹಜ. ಹಾಗಿದ್ದರೆ ನೀರು ನಿಜವಾಗಿ ಒಂಬತ್ತು ಡಿಗ್ರಿಗೆ ಬಂದಿರಬಹುದು, ಪುಸ್ತಕವೇ ಸುಳ್ಳಿರಬಹುದು. ಆ ಲೋಟ ಯಾಕೆ? ನನ್ನನ್ನು ನೋಡಿ ಹಿಂದೆ ಹೋದದ್ದು ಯಾಕೆ?

ಊಟದ ಹೊತ್ತಿನಲ್ಲಿ ಎಲೆಕ್ಟ್ರಿಷಿಯನ್ನನ್ನು ಹಿಡಿದೆ.

"ನೀನ್ ಕಂಬದಂಗೆ ಅಲ್ಲಿ ನಿಂತಿದ್ರೆ ಅಯ್ಯ ನಲ್ಲಿ ಬುಡ್ತಾನೇನಮ್ಮ?" ಅಂದ.

"ಯಾವ ನಲ್ಲಿ?"

ಅವನು ಅತ್ತಿತ್ತ ನೋಡಿ ಮುದ್ದೆ ಮುರಿಯುವುದು ನಿಲ್ಲಿಸಿದ. ಟ್ಯಾಂಕಿನ ತಳದಲ್ಲಿ ಪರೀಕ್ಷೆಗೆ ನೀರು ತೆಗೆಯಲು ಒಂದು ಸಣ್ಣ ನಲ್ಲಿ ಇದೆ. ಅದನ್ನು ಲ್ಯಾಬಿನವರ ಹೊರತು ಯಾರೂ ಮುಟ್ಟಬಾರದು ಅಂತ ಕಳೆದ ವರ್ಷ ಆದೇಶ ಬಂದಿದೆ, ಪಕ್ಕದಲ್ಲಿ ಸೂಚನೆಯ ಫಲಕವೂ ಇದೆ. ಕೈಯಿಂದ ಕೊಳೆ ಹತ್ತಬಾರದು ಅಂತ. ನಾಲ್ಕನೇ ಟ್ಯಾಂಕು ಕಾಲು ಭಾಗಕ್ಕೆ ಬಂದಾಗ ಬೋರ್ಡಿನ ಅಂಕಿ ನಂಬುವ ಹಾಗಿಲ್ಲ ಅನ್ನುವುದು ಪಾಳಿಯವರಿಗೆಲ್ಲ ಗೊತ್ತು. ಆಗ ಆಪರೇಟರು ನಲ್ಲಿ ಬಿಟ್ಟು ಒಂದು ಲೋಟ ನೀರು ಹಿಡಿದು, ಕಡ್ಡಿಯಲ್ಲಿ ಅಳೆದು ಬರೆಯುತ್ತಾರೆ. ಕೈಯಲ್ಲಿ ಅಳೆದದ್ದು ಅನ್ನುವುದಕ್ಕೆ ಅಂಕಿಯ ಸುತ್ತ ಒಂದು ಸುತ್ತು ಹಾಕುತ್ತಾರೆ. ಮೊದಲಿನಿಂದ ಹಾಗೇ ಮಾಡುತ್ತಿದ್ದರು, ಆದೇಶ ಬಂದ ಮೇಲೂ ಬಿಡಲಿಲ್ಲ.

"ಇದನ್ನ ಅವರೇ ಮ್ಯಾನೇಜರಿಗೆ ಹೇಳಬಹುದಿತ್ತಲ್ಲ?"

"ಯೋಳ್ತಾನೆ. ಸುಳ್ ಬರ್ದೆ ಅಂದ್ರೂ ಮನೆಗೆ ಕಳಿಸ್ತಾರೆ, ನಲ್ಲಿ ಬುಟ್ಟೆ ಅಂದ್ರೂ ಮನೆಗೆ ಕಳಿಸ್ತಾರೆ. ಯಾವ್ ಬಾಗ್ಲಲ್ಲಿ ಓಗ್ಬೇಕು ಅಂತವ ಯೋಚ್ನೆ ಮಾಡ್ತಾವ್ನೆ."

ಕೋಣೆಗೆ ಓಡಿ ಪುಸ್ತಕದ ನಕಲು ತೆಗೆದೆ. ಸುತ್ತು ಇದ್ದವು. ಪೆನ್ಸಿಲ್ಲಿನಲ್ಲಿ, ತೆಳ್ಳಗೆ. ನೋಟಿಸು ಬಂದ ಮೇಲೆ ಪುಸ್ತಕಕ್ಕೂ ವರದಿಗೂ ಹೋಲಿಸುವಾಗ ನಾನು ಅವನ್ನು ನೋಡಿದ್ದೆ. ಯಾರೋ ಕೈ ಆಡಿಸಿದ್ದಾರೆ ಅಂದುಕೊಂಡು ಅಂಕಿಯನ್ನಷ್ಟೇ ಕಂಪ್ಯೂಟರಿಗೆ ಹೊಡೆದುಕೊಂಡಿದ್ದೆ.

ಐದನೇ ದಿನ ಲ್ಯಾಬಿನ ಮೇಡಂ ಅವರನ್ನು ಕೇಳಿಕೊಂಡೆ. ಅವರಿಗೆ ನಲ್ಲಿ ಮುಟ್ಟುವ ಹಕ್ಕಿದೆ. ಮಟ್ಟ ಇಪ್ಪತ್ತೆರಡಕ್ಕೆ ಬಂದಾಗ ಅವರು ಗ್ಲೌಸ್ ಹಾಕಿಕೊಂಡು ಮಾದರಿ ತೆಗೆದರು. ಬೋರ್ಡು ಎಂಟು ಪಾಯಿಂಟ್ ಒಂಬತ್ತು ತೋರಿಸುತ್ತಿತ್ತು. ಅವರ ಥರ್ಮಾಮೀಟರು ಮೂರು ಪಾಯಿಂಟ್ ಆರು ತೋರಿಸಿತು. ಆಪರೇಟರು ದೂರದಲ್ಲಿ ಪೈಪು ಒರೆಸುತ್ತಿದ್ದರು, ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದರು.

ಟ್ಯಾಂಕು ಖಾಲಿಯಾಗಿ ತೊಳೆದಾದ ಮೇಲೆ ಮುಚ್ಚಳ ತೆರೆಸಿ ಏಣಿ ಹತ್ತಿ ಟಾರ್ಚು ಬಿಟ್ಟು ನೋಡಿದೆ. ನನ್ನ ಬಳಿಯಿದ್ದ ನಕ್ಷೆಯಲ್ಲಿ ಸೆನ್ಸರಿನ ಗೂಡು ತಳದಿಂದ ಅರ್ಧ ಅಡಿ ಮೇಲೆ. ಒಳಗೆ ಎರಡೂವರೆ ಅಡಿ ಮೇಲಿತ್ತು; ತಣಿಪು ಉಳಿಸುವ ಹೊದಿಕೆಯಿಂದಾಗಿ ಒಳಗಿನ ತಳ ಎಲ್ಲಿದೆ ಅಂತ ಹೊರಗಿನಿಂದ ತಿಳಿಯುತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ಟೇಪು ಹಿಡಿದು ಎರಡು ಸಲ ಅಳೆದ. ಮಿಕ್ಕ ನಾಲ್ಕು ಟ್ಯಾಂಕು ಹೊಸದಾಗಿ ಮಾಡಿಸಿದವು, ನಕ್ಷೆ ಅವುಗಳದು. ನಾಲ್ಕನೆಯದು ಎಲ್ಲಿಂದಲೋ ಹಳೆಯದನ್ನು ತಂದು ನಿಲ್ಲಿಸಿದ್ದಂತೆ. ಅದಕ್ಕೆ ಯಾರೂ ಬೇರೆ ನಕ್ಷೆ ಬರೆದಿರಲಿಲ್ಲ. ನೀರು ಎರಡೂವರೆ ಅಡಿಗಿಂತ ಕೆಳಗೆ ಇಳಿದರೆ ಸೆನ್ಸರು ಅಳೆಯುವುದು ನೀರನ್ನಲ್ಲ, ಮೇಲಿನ ಗಾಳಿಯನ್ನು. ಅದು ಗಾಳಿಯನ್ನು ಸರಿಯಾಗಿಯೇ ಅಳೆಯುತ್ತಿತ್ತು. ನಾನು ಅದಕ್ಕೆ ನೀರಿನ ಉಷ್ಣತೆ ಅಂತ ಹೆಸರಿಟ್ಟು ದಾಸ್ತಾನು ಮಾಡಿದ್ದೆ. ಮಟ್ಟದ ಪಾಯಿಂಟು ಇದ್ದಿದ್ದರೆ ಎರಡು ಗೆರೆಯೂ ಒಟ್ಟಿಗೆ ಕಂಡು ಮೊದಲ ವಾರದಲ್ಲೇ ಗೊತ್ತಾಗುತ್ತಿತ್ತು. ಅದನ್ನು ಕಿತ್ತವಳು ನಾನೇ.

ಆ ಮಧ್ಯಾಹ್ನವೇ ಮೋಟರುಗಳ ಕರೆಂಟಿನ ಐದು ಪಾಯಿಂಟ್ ತೆಗೆದು, ಐದು ಟ್ಯಾಂಕಿನ ಮಟ್ಟ ಸೇರಿಸಿದೆ. ಮ್ಯಾನೇಜರನ್ನು ಕೇಳಲಿಲ್ಲ, ಆಮೇಲೆ ಹೇಳಿದೆ. ನಾಲ್ಕನೇ ಟ್ಯಾಂಕಿನ ಮಟ್ಟ ಮೂವತ್ತಕ್ಕಿಂತ ಕೆಳಗಿದ್ದರೆ ಉಷ್ಣತೆಯ ಅಂಕಿಯ ಪಕ್ಕದಲ್ಲಿ 'ನಂಬಬೇಡಿ' ಅನ್ನುವ ಗುರುತು ಬೀಳುವ ಹಾಗೆ ಷರತ್ತು ಬರೆದೆ. ಮುಂದಿನದು ಸರಿಹೋಯಿತು. ಆದರೆ ಹಿಂದಿನ ಇಪ್ಪತ್ತಮೂರು ಬೆಳಗು? ಆ ದಿನಗಳ ಮಟ್ಟ ಎಲ್ಲೂ ಇರಲಿಲ್ಲ. ಆಪರೇಟರ ಪೆನ್ಸಿಲ್ ಸುತ್ತು ಮಾತ್ರ ಸಾಕ್ಷಿ, ಅದನ್ನು ತೋರಿಸಿದರೆ ನಲ್ಲಿಯ ಸುದ್ದಿ ಹೊರಗೆ ಬರುತ್ತದೆ.

ದಾರಿ ಒಂದೇ ಇತ್ತು. ಪ್ಯಾಕು ತುಂಬುವ ಯಂತ್ರ ನಿಮಿಷಕ್ಕೆ ಎಷ್ಟು ಪ್ಯಾಕು ತುಂಬಿತು ಅನ್ನುವುದು ದಾಸ್ತಾನಿನಲ್ಲಿತ್ತು. ಹಿಂದಿನ ಸಂಜೆ ಟ್ಯಾಂಕಿಗೆ ಎಷ್ಟು ಲೀಟರು ಬಿಟ್ಟರು ಅನ್ನುವುದು ಬೇರೆ ರಿಜಿಸ್ಟರಿನಲ್ಲಿತ್ತು. ಬಿಟ್ಟದ್ದರಲ್ಲಿ ತುಂಬಿದ್ದನ್ನು ಕಳೆದರೆ ಆ ಹೊತ್ತಿಗೆ ಉಳಿದದ್ದು ಸಿಗುತ್ತದೆ. ಒಂದೊಂದು ದಿನಕ್ಕೂ ಕೂತು ಲೆಕ್ಕ ಮಾಡಿದೆ. ಮೊದಲ ದಿನ, ಉಷ್ಣತೆ ಏರಿದ ಹೊತ್ತಿಗೆ ಮಟ್ಟ ಇಪ್ಪತ್ತೊಂಬತ್ತು. ಎರಡನೇ ದಿನ ಮೂವತ್ತು. ಮೂರನೇ ದಿನ ಇಪ್ಪತ್ತೆಂಟು. ಹೀಗೇ ಹೋಯಿತು. ಇಪ್ಪತ್ತೆರಡು ದಿನ ತಾಳೆಯಾಯಿತು.

ಒಂದು ದಿನ ಆಗಲಿಲ್ಲ. ಆ ದಿನ ಗೆರೆ ಏರಿ ನಲವತ್ತು ನಿಮಿಷ ಒಂಬತ್ತರಲ್ಲಿ ನಿಂತಿತ್ತು. ಲೆಕ್ಕದ ಪ್ರಕಾರ ಟ್ಯಾಂಕು ಆಗ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಸೆನ್ಸರು ನೀರಿನೊಳಗೇ ಇತ್ತು. ಪುಸ್ತಕದಲ್ಲಿ ಮೂರು ಪಾಯಿಂಟ್ ಎಂಟು ಅಂತ ಇತ್ತು, ಸುತ್ತು ಇರಲಿಲ್ಲ.

ಲೆಕ್ಕ ಮೂರು ಸಲ ಮಾಡಿದೆ. ರಿಜಿಸ್ಟರಿನ ಅಂಕಿಯನ್ನು ಬೇರೆಯವರಿಂದ ಓದಿಸಿದೆ. ಕರೆಂಟು ಹೋಗಿತ್ತೇ ಅಂತ ನೋಡಿದೆ, ಹೋಗಿರಲಿಲ್ಲ. ನೀರು ಕಲಕುವ ಮೋಟರು ಓಡುತ್ತಲೇ ಇತ್ತು. ಆ ದಿನದ ಮಾಲಿನ ಲ್ಯಾಬ್ ಪರೀಕ್ಷೆ ಸರಿಯಾಗಿತ್ತು. ಎಲ್ಲ ಸರಿ, ಅಂಕಿ ಮಾತ್ರ ಕೂಡುವುದಿಲ್ಲ.

ಆರನೇ ದಿನ ಮ್ಯಾನೇಜರ ಮುಂದೆ ಎಲ್ಲ ಇಟ್ಟೆ. ತಪ್ಪು ನನ್ನದು ಅಂದೆ. ನಕ್ಷೆ ನಂಬಿ ಟ್ಯಾಂಕಿನೊಳಗೆ ನೋಡಲಿಲ್ಲ, ಮಟ್ಟದ ಪಾಯಿಂಟ್ ತೆಗೆದೆ, ನೀವು ಕೇಳಿದಾಗ ಯೋಚಿಸದೆ ಸರಿಯಿದೆ ಅಂದೆ. ಅವರು ಕೊನೆಯವರೆಗೂ ಕೇಳಿದರು. ಆಪರೇಟರು ಮೂರೂವರೆಯನ್ನು ಹೇಗೆ ಅಳೆದರು ಅಂತ ಮಾತ್ರ ಕೇಳಲಿಲ್ಲ. ಕೇಳಬಾರದು ಅಂತ ಅವರಿಗೂ ಅನ್ನಿಸಿರಬೇಕು. ನಾನೂ ಹೇಳಲಿಲ್ಲ. ಮಟ್ಟ ಮೂವತ್ತಕ್ಕೆ ಬಂದಾಗ ಇನ್ನುಮುಂದೆ ಲ್ಯಾಬಿನವರೇ ಬಂದು ಅಳೆಯಲಿ ಅಂದೆ, ಒಪ್ಪಿದರು. ಆ ಸುತ್ತಿನ ವಿಷಯ ಬಾಯಿ ಬಿಡದೆ ಇದ್ದದ್ದು ಸರಿಯೋ ತಪ್ಪೋ, ಇವತ್ತಿಗೂ ನನಗೆ ತೀರ್ಮಾನ ಮಾಡಲು ಆಗಿಲ್ಲ.

ದಾಸ್ತಾನಿನ ಅಂಕಿಗಳನ್ನು ಅಳಿಸುವ ಹಾಗಿಲ್ಲ, ಆದರೆ ಪ್ರತಿ ದಿನದ ಪಕ್ಕದಲ್ಲಿ ಒಂದು ಟಿಪ್ಪಣಿ ಬರೆಯಬಹುದು. ಇಪ್ಪತ್ತೆರಡಕ್ಕೂ 'ಸೆನ್ಸರು ನೀರಿನ ಮೇಲಿತ್ತು' ಅಂತ ಬರೆಯುತ್ತೇನೆ ಅಂದೆ.

"ಇಪ್ಪತ್ತಮೂರಕ್ಕೂ ಅದನ್ನೇ ಬರೀರಿ," ಅಂದರು ಮ್ಯಾನೇಜರು, ಸಣ್ಣ ದನಿಯಲ್ಲಿ. "ಒಂದೇ ಕಾರಣ ಇದ್ರೆ ತಪಾಸಣೆಯವರೂ ಸುಮ್ಮನಿರ್ತಾರೆ, ನೋಟಿಸೂ ಪೂರ್ತಿ ವಾಪಸ್ ತಗೋಬಹುದು. ಒಂದು ದಿನ ಬಿಟ್ಟುಹೋದ್ರೆ ನಾನು ಆ ಒಂದು ದಿನಕ್ಕೆ ಅವರನ್ನ ಕೇಳಲೇಬೇಕಾಗತ್ತೆ."

ಒಂದು ಸಾಲು. ಬರೆದರೆ ಒಬ್ಬರ ಕೆಲಸ ಉಳಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನಾಳೆ ಹೇಳುತ್ತೇನೆ ಸರ್ ಅಂತ ಎದ್ದು ನೇರ ಟ್ಯಾಂಕುಗಳ ಕೊಠಡಿಗೆ ಹೋದೆ. ಆಪರೇಟರ ಮುಂದೆ ಪುಸ್ತಕದ ಆ ಪುಟ ಬಿಚ್ಚಿದೆ.

ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಸುತ್ತಿಲ್ಲ ಅಂದ್ಮೇಲೆ ಬೋರ್ಡ್ ನೋಡೇ ಬರ್ದಿವ್ನಿ. ಬೋರ್ಡು ಒಂಬತ್ತು ತೋರ್ಸಿದ್ರೆ ಮೂರ್ ಪಾಯಿಂಟ್ ಎಂಟು ಅಂತ ಯಾಕ್ ಬರೀಲಿ?"

"ಅದನ್ನೇ ಕೇಳ್ತಿದೀನಣ್ಣ. ಆ ದಿನ ಏನಾದ್ರೂ ಆಗಿತ್ತಾ?"

"ಏನೂ ಗ್ಯಾಪಕ ಬತ್ತಾ ಇಲ್ಲ. ಜರ ಗಿರ ಬಂದಿದ್ರೆ ರಜ ಆಕ್ತಿದ್ದೆ." ಬೆರಳಿನಿಂದ ಅಂಕಿಯನ್ನು ಮುಟ್ಟಿದರು. "ಬರವಣ್ಗೆ ನಂದೇಯಾ."

ಅವರು ಆ ದಿನ ಅಳೆಯದೆ ಬರೆದರೇ? ಸೆನ್ಸರು ನಲವತ್ತು ನಿಮಿಷ ಹುಚ್ಚು ಹಿಡಿದಿತ್ತೇ? ರಿಜಿಸ್ಟರಿನಲ್ಲಿ ಲೀಟರು ತಪ್ಪಿ ಬರೆದರೇ? ಮೂರೂ ಆಗಬಹುದು, ಒಂದಕ್ಕೂ ಆಧಾರವಿಲ್ಲ. ಒಂದು ತಿಂಗಳು ಯಾವುದನ್ನು ಗೊತ್ತಿದೆ ಗೊತ್ತಿದೆ ಅಂತ ಹೇಳಿಕೊಂಡು ತಿರುಗಿದೆನೋ ಅದೇ ಈ ಮನುಷ್ಯನ ಕೊರಳಿಗೆ ಬಂದಿತ್ತು. ಈಗ ಅವರನ್ನು ಉಳಿಸಲು ಮತ್ತೆ ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಬರೆಯಲು ಕೈ ಬರಲಿಲ್ಲ. ಇಪ್ಪತ್ತೆರಡು ಟಿಪ್ಪಣಿ ಮುಗಿಸಿ, ಇಪ್ಪತ್ತಮೂರನೆಯದಕ್ಕೆ 'ಕಾರಣ ತಿಳಿದಿಲ್ಲ' ಅಂತ ಹೊಡೆದು ಉಳಿಸಿದೆ. ಮ್ಯಾನೇಜರಿಗೆ ಹೇಳಿದಾಗ ಅವರು ತಲೆಯನ್ನೂ ಎತ್ತಲಿಲ್ಲ.

ಏಳನೇ ದಿನ ಪಾಳಿ ಮುಗಿಸಿ ಆಪರೇಟರು ಬಿಳಿ ಹಾಳೆ ಹಿಡಿದು ಬಂದರು. ಈ ಸಲ ನನ್ನ ಎದುರಿನ ಕುರ್ಚಿ ಎಳೆದುಕೊಂಡು ಕೂತರು.

"ಇಪ್ಪತ್ತೆಲ್ಡ್ ದಿನ ಬುಡ್ಸ್‌ಕೊಟ್ಟು ಒಂದ್ ದಿನಕ್ಕೆ ಇಡ್ಕಂಡ್ಯಲ್ಲವ್ವ."

ನಾನು ಪರದೆಯಲ್ಲಿ ಆ ದಿನದ ಸಾಲು ತೆರೆದೆ.

"ಕಂಪ್ಯೂಟ್ರಲ್ಲಿ ಆ ದಿನಕ್ಕೆ ಏನಂತ ಬರ್ದೆ?"

"ಕಾರಣ ತಿಳಿದಿಲ್ಲ ಅಂತ."

"ಅಯ್ಯ ಸುಳ್ ಬರ್ದವ್ನೆ ಅಂತವ ಬರೀನಿಲ್ವಾ?"

"ಇಲ್ಲಣ್ಣ. ಅದು ನಂಗೆ ಗೊತ್ತಿಲ್ಲ."

ಪೆನ್ನು ಕೇಳಿ ಇಸಿದುಕೊಂಡರು. ಕನ್ನಡದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಬರೆದರು. ಇಪ್ಪತ್ತೆರಡು ದಿನದ ಬಗ್ಗೆ ಇಂಜಿನಿಯರು ಬರೆದಿರುವುದು ಸರಿ. ಒಂದು ದಿನದ ಬಗ್ಗೆ ನನಗೂ ಕಾರಣ ತಿಳಿದಿಲ್ಲ. ಸಹಿ ಹಾಕಿ, ಓದು ಅಂತ ನನ್ನ ಕಡೆಗೆ ತಿರುಗಿಸಿದರು. ತಿದ್ದುವಂಥದ್ದು ಏನೂ ಇರಲಿಲ್ಲ.

ಮ್ಯಾನೇಜರ ಕೋಣೆಯಲ್ಲಿ ಹತ್ತು ನಿಮಿಷ ಇದ್ದರು. ಹೊರಗೆ ಬಂದಾಗ ಏನಂದರು ಅಂತ ಕೇಳಿದೆ.

"ಒಂದ್ ದಿನಕ್ಕೆ ವಾರ್ನಿಂಗು. ಕೆಲ್ಸಕ್ಕೇನೂ ಇಲ್ವಂತೆ."

ತಪಾಸಣೆಯವರು ಬಂದು ನಾಲ್ಕನೇ ಟ್ಯಾಂಕಿನ ದಾಖಲೆ ತೆರೆಸಿದರು. ಆ ಒಂದು ದಿನದ ಹತ್ತಿರ ನಿಂತು ಇದೇನು ಅಂದರು. ಗೊತ್ತಿಲ್ಲ, ಹುಡುಕಿದ್ದೇನೆ, ಸಿಕ್ಕಿಲ್ಲ ಅಂದೆ. ಏನೆಲ್ಲ ಹುಡುಕಿದೆ ಅಂತ ಕೇಳಿದರು, ಹೇಳಿದೆ. ಬರೆದುಕೊಂಡು ಮುಂದಿನ ಪುಟಕ್ಕೆ ಹೋದರು. ಅವರು ಒಪ್ಪಿದರೋ, ಸುಸ್ತಾಗಿ ಬಿಟ್ಟರೋ, ಅದೂ ನನಗೆ ತಿಳಿಯಲಿಲ್ಲ.

ಈಗ ಆಪರೇಟರು ನನ್ನ ಜೊತೆ ಮೊದಲಿನಷ್ಟು ಮಾತಾಡುವುದಿಲ್ಲ. ಕೋಪವೋ, ಅವರ ಸ್ವಭಾವವೋ ಹೇಳುವುದು ಕಷ್ಟ. ಕಳೆದ ವಾರ ಗೇಟಿನಲ್ಲಿ ಸಿಕ್ಕಾಗ ಮಾತ್ರ ನಿಂತರು.

"ಅವ್ವ, ಆ ದಿನ ಏನಾಗಿತ್ತು ಅಂತವ ನಿಂಗೇನಾರ ಗೊತ್ತಾದ್ರೆ ನಂಗೂ ಯೋಳು. ಯಾವಾಗ್ಲಾದ್ರೂ ಸರಿ."

ಹೇಳ್ತೀನಣ್ಣ ಅಂದೆ. ಇನ್ನೂ ಹೇಳಿಲ್ಲ.